ಹೂವಪ್ಪನ ಗಂಟಲು

ಕೇಳಿ, ದಯವಿಟ್ಟು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದುಹೋದವರೆಲ್ಲ ನಾನು ಮಾಡಿದ್ದು ತಪ್ಪು ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಪೂರ್ತಿ ಕೇಳಿದವರು ಮಾತ್ರ ಕಾಫಿ ಲೋಟ ಕೆಳಗಿಟ್ಟು ಯೋಚಿಸುತ್ತಾರೆ. ನನಗೆ ಆ ಎರಡನೆಯವರು ಬೇಕು. ಆಮೇಲೆ ಬೈದರೂ ಪರವಾಗಿಲ್ಲ.

ನಮ್ಮೂರಿನಲ್ಲಿ ಒಬ್ಬರು ತಿಂದದ್ದು ಅವರ ಮೈಗೆ ಒಗ್ಗದಿದ್ದರೆ ದದ್ದು ಏಳುವುದು ಇನ್ನೊಬ್ಬರ ಮೈಮೇಲೆ. ಬದನೆಕಾಯಿ ಒಗ್ಗದ ಗುಮಾಸ್ತರು ಎಣ್ಣೆಗಾಯಿ ತಿಂದು ಕಾಲು ಚಾಚಿ ಕೂತಿರುತ್ತಾರೆ, ಮೂರು ಬೀದಿ ಆಚೆ ಬಳೆ ಅಂಗಡಿಯ ಕಮಲಾಕ್ಷಿ ಸಂಜೆತನಕ ಕೆರೆದುಕೊಳ್ಳುತ್ತಾಳೆ. ಯಾರದು ಯಾರ ಮೇಲೆ ಅನ್ನುವುದಕ್ಕೆ ನೆಂಟಸ್ತನ, ಬೀದಿ, ವಯಸ್ಸು ಯಾವುದೂ ಆಧಾರವಿಲ್ಲ. ಗೊತ್ತಿರುವುದು ಒಂದೇ: ತುತ್ತು ಹೊಟ್ಟೆಗಿಳಿದ ಹನ್ನೆರಡು ನಿಮಿಷಕ್ಕೆ ದದ್ದು ಏಳುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಅದಕ್ಕೇ ನಮ್ಮಲ್ಲಿ ದದ್ದು ಕಚೇರಿ ಅಂತ ಒಂದಿದೆ. ಯಾರ ತುತ್ತು ಯಾರ ಮೈಮೇಲೆ ಏಳುತ್ತಿದೆ ಅಂತ ಹುಡುಕುವುದು ಅದರ ಕೆಲಸ. ನಾನು ಅಲ್ಲಿ ಎರಡು ವರ್ಷದಿಂದ ಇದ್ದೇನೆ. ನನ್ನ ಮೇಲೆ ಬಸಲಿಂಗಮ್ಮ ಮೇಡಂ, ಅವರ ಮೇಲೆ ಗೋಡೆ ಗಡಿಯಾರ, ಅಷ್ಟೇ ಕಚೇರಿ.

ಪತ್ತೆಯಾದವರು ಆ ಪದಾರ್ಥವನ್ನು ಜನ್ಮಕ್ಕೆ ಬಿಡಬೇಕು. ಮನೆಯಲ್ಲಿರುವ ಅದರ ಡಬ್ಬಿಯನ್ನು ತಾವೇ ಹೊತ್ತುಕೊಂಡು ಹೋಗಿ ದದ್ದು ಏಳುವವರ ಕೈಗೆ ಕೊಡಬೇಕು. ಬಾಗಿಲಿಗೆ ಆ ಪದಾರ್ಥದ ಹೆಸರು ಬರೆದ ಒಂದು ಹಲಗೆ ಬೀಳುತ್ತದೆ. ಆಮೇಲೆ ಅವರಿಗೆ ಹೊರಗಿನವರು ಯಾರೂ ಕೈಯಾರೆ ಏನೂ ತಿನ್ನಿಸುವುದಿಲ್ಲ. ಮದುವೆಮನೆಯಲ್ಲಿ ಅವರು ತಮ್ಮ ತಟ್ಟೆ ತಾವೇ ತಂದು ಕೊನೆಯಲ್ಲಿ ಕೂರುತ್ತಾರೆ. ಯಾರೂ ಬೈಯುವುದಿಲ್ಲ, ಆದರೆ ಯಾರೂ ಇನ್ನೊಂದು ಸೌಟು ಹಾಕಿಸಿಕೊಳ್ಳಿ ಅಂತಲೂ ಅನ್ನುವುದಿಲ್ಲ.

ಈಗ ಹೂವಪ್ಪ. ಊರಿಗೆಲ್ಲ ಇರುವುದು ಇವನೊಬ್ಬನೇ ಕ್ಷೌರದವನು. ನಲವತ್ತೆರಡು ವರ್ಷ, ಕೈ ಬಹಳ ಹಗುರ, ಬಾಯಿ ಅಷ್ಟು ಹಗುರವಲ್ಲ. ಆ ದಿನ ಅವನು ಅಂಗಡಿಯಲ್ಲಿ ಗುಮಾಸ್ತರ ಗಡ್ಡ ತೆಗೆಯುತ್ತಿದ್ದಾಗ ತುಟಿ ಊದಿತು, ಕಣ್ಣು ಮುಚ್ಚಿತು, ಗಂಟಲು ಕಟ್ಟಿತು. ಕತ್ತಿ ಕೆಳಗಿಟ್ಟ, ಆಮೇಲೆ ತಾನೂ ಕೆಳಗೆ ಬಿದ್ದ. ಗುಮಾಸ್ತರು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಓಡಿ ಡಾಕ್ಟರ್ ಇಕ್ಬಾಲರನ್ನು ಎಳೆದುಕೊಂಡು ಬಂದರು. ಸೂಜಿ ಚುಚ್ಚಿದ ಮೇಲೆ ಉಸಿರು ಬಂತು. ಹನ್ನೊಂದು ದಿನಕ್ಕೆ ಮತ್ತೆ ಹಾಗೇ ಆಯಿತು, ಈ ಸಲ ತುಟಿ ನೀಲಿಯಾಗಿತ್ತು.

ಡಾಕ್ಟರು ನೆಟ್ಟಗೆ ಕಚೇರಿಗೆ ಬಂದರು. "ಮೇಡಂ, ಮೈ ಕೆರೆತ ಆಗಿದ್ರೆ ನಾನು ನೋಡ್ಕೋತೀನಿ. ಇದು ಗಂಟಲು. ನಾನು ಇನ್ನೊಂದು ಬೀದೀಲಿ ಇದ್ದೆ ಅಂದ್ರೆ ಮುಗೀತು. ಇನ್ನೊಂದ್ಸಲಕ್ಕೆ ನನ್ನ ನೆಚ್ಕೋಬೇಡಿ."

ಮೇಡಂ ಅವತ್ತೇ ಸೈರನ್ ಹಾಕಿಸಿದರು. ಸೈರನ್ ಅಂದರೆ ಮೂರು ದಿನ ಇಡೀ ಊರು ಬರೀ ಅನ್ನದ ಗಂಜಿ ಕುಡಿಯಬೇಕು, ಅದು ಇವತ್ತಿನತನಕ ಯಾರ ಮೇಲೂ ಎದ್ದಿಲ್ಲ. ನಾಲ್ಕನೇ ದಿನದಿಂದ ದಿನಕ್ಕೊಂದು ಪದಾರ್ಥ, ಚಿಟಿಕೆಯಷ್ಟು. ಒಂದನೇ ಬೀದಿಗೆ ಎಂಟು ಗಂಟೆಗೆ, ಎರಡನೇ ಬೀದಿಗೆ ಎಂಟೂ ಇಪ್ಪತ್ತಕ್ಕೆ, ಹೀಗೆ ಇಪ್ಪತ್ತು ನಿಮಿಷಕ್ಕೊಂದು ಬೀದಿ. ಹೂವಪ್ಪ ಅಂಗಿ ಬಿಚ್ಚಿ ಕಚೇರಿ ಕುರ್ಚಿಯಲ್ಲಿ ಕೂರುತ್ತಾನೆ, ಡಾಕ್ಟರು ಪಕ್ಕದಲ್ಲಿ ಸೂಜಿ ಹಿಡಿದು ಕೂರುತ್ತಾರೆ, ನಾನು ಗಡಿಯಾರ ನೋಡುತ್ತೇನೆ. ಮೊಟ್ಟೆ, ಗೋಧಿ, ಹಾಲು ಮೂರೂ ಸುಮ್ಮನೆ ದಾಟಿದವು.

ಕಡಲೆಕಾಯಿಯ ದಿನ, ತಲೆಗೆ ನಾಲ್ಕೇ ಬೀಜ, ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹೂವಪ್ಪ ಕೆಮ್ಮಿದ. ಕತ್ತಿನ ಸುತ್ತ ಕೆಂಪು ಬಿಲ್ಲೆಗಳು ಎದ್ದವು. ಹತ್ತು ಗಂಟೆಗೆ ತಿಂದದ್ದು ಏಳನೇ ಬೀದಿ. ಮರುದಿನ ಏಳನೇ ಬೀದಿಗೆ ಮನೆಮನೆಯಾಗಿ ಕೊಟ್ಟೆವು, ಒಂಬತ್ತಕ್ಕೆ ಶುರು, ಐದು ನಿಮಿಷಕ್ಕೊಂದು ಮನೆ. ಮತ್ತೆ ಹತ್ತೂ ಹನ್ನೆರಡಕ್ಕೆ ಹೂವಪ್ಪ ಕೆಮ್ಮಿದ. ಹತ್ತಕ್ಕೆ ತಿಂದ ಮನೆಯಲ್ಲಿ ಇದ್ದದ್ದು ಒಬ್ಬರೇ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಚಿದಂಬರಯ್ಯನವರು. ಸಂಜೆ ಕೆರೆ ಏರಿಯ ಮೇಲೆ ಕೂತು ಒಂದು ಪೊಟ್ಟಣ ಹುರಿದ ಕಡಲೆಕಾಯಿ ತಿನ್ನುವುದನ್ನು ಬಿಟ್ಟರೆ ಬೇರೆ ಯಾವ ಖಯಾಲಿಯೂ ಇಲ್ಲದ ಮನುಷ್ಯ. ಡಬ್ಬಿ ಹೊತ್ತುಕೊಂಡು ಹೋಗಿ ಹೂವಪ್ಪನ ಮುಂದೆ ಇಟ್ಟರು.

"ಗೊತ್ತಿರ್ಲಿಲ್ಲ ಕಣಪ್ಪ" ಅಂದರು.

"ನನ್ನ ಗಂಟ್ಲಿಗೆ ಗೊತ್ತಿತ್ತು ಬಿಡಿ" ಅಂದ ಹೂವಪ್ಪ.

ಐದು ವಾರ ಏನೂ ಆಗಲಿಲ್ಲ. ಮೇಡಂ ನನ್ನ ಬೆನ್ನು ತಟ್ಟಿದರು. ಆರನೇ ವಾರ ಹೂವಪ್ಪ ಅಂಗಡಿಯಲ್ಲಿ ಮತ್ತೆ ಬಿದ್ದ. ಅವತ್ತು ಡಾಕ್ಟರು ಎದುರಿನ ಔಷಧಿ ಅಂಗಡಿಯಲ್ಲಿದ್ದದ್ದು ಅವನ ಪುಣ್ಯ. ಊರೆಲ್ಲ ಒಂದೇ ಮಾತು: ಮೇಷ್ಟ್ರು ಕದ್ದು ತಿಂದಿದ್ದಾರೆ. ಹೂವಪ್ಪ ಅವರ ಗಡ್ಡ ತೆಗೆಯುವುದಿಲ್ಲ ಅಂದುಬಿಟ್ಟ. ಊರಿಗಿರುವುದು ಒಬ್ಬನೇ ಅಲ್ಲವೇ, ಮೇಷ್ಟ್ರ ಗಡ್ಡ ಬೆಳೆಯತೊಡಗಿತು, ಅದನ್ನು ನೋಡಿದವರಿಗೆಲ್ಲ ಅದೇ ಸಾಕ್ಷಿಯ ಹಾಗೆ ಕಾಣತೊಡಗಿತು. ಮೇಡಂ ನನಗೆ ಕೊಟ್ಟ ಕೆಲಸ ಏನು ಗೊತ್ತೇ? ದಿನಾ ಸಂಜೆ ನಾಲ್ಕಕ್ಕೆ ಹೋಗಿ ಮೇಷ್ಟ್ರ ಬಾಯಿ ಮೂಸಿ ಬರುವುದು.

ಅವರು ಜಗಲಿಯ ಮೇಲೆ ಕೂತು ಬಾಯಿ ತೆರೆಯುತ್ತಿದ್ದರು. "ಹಂಸಾ, ಮೂರನೇ ಕ್ಲಾಸಲ್ಲಿ ನಿಂಗೆ ಆನೆ ಸೊಂಡ್ಲು ಬರೆಯೋಕೆ ಕಲಿಸಿದ್ದೆ. ಈಗ ನೀನೇ ಸೊಂಡ್ಲು ತಗೊಂಡು ಬರ್ತಿದೀಯಲ್ಲೇ."

"ಸಾರ್, ನಿಜ ಹೇಳಿ. ಒಂದೇ ಒಂದು ಬೀಜಾನೂ ತಿಂದಿಲ್ವಾ?"

"ತಿಂದಿದ್ರೆ ಒಂದೇ ಯಾಕೆ ತಿಂತಿದ್ದೆ, ಪೊಟ್ಟಣಾನೇ ತಿಂತಿದ್ದೆ" ಅಂದರು. ಬಾಯಲ್ಲಿ ಲವಂಗದ ವಾಸನೆ ಮಾತ್ರ. ನಾನು ನಂಬಿದೆ. ಆದರೆ ನನ್ನ ನಂಬಿಕೆ ಕಚೇರಿಯ ಪುಸ್ತಕದಲ್ಲಿ ಬರೆಯುವಂಥದ್ದಲ್ಲ. ಮತ್ತು ಮೇಷ್ಟ್ರು ಅಲ್ಲ ಅಂದರೆ ಹೂವಪ್ಪನ ಗಂಟಲು ಇನ್ನೂ ಊರಿನಲ್ಲಿ ಯಾರದೋ ಬಾಯಲ್ಲಿದೆ, ಯಾರದು ಅಂತ ಅವರಿಗೂ ಗೊತ್ತಿಲ್ಲ. ಮತ್ತೆ ಸೈರನ್ ಹಾಕಿ ಕಡಲೆಕಾಯಿ ತಿನ್ನಿಸಿ ನೋಡೋಣ ಅಂದರೆ ಡಾಕ್ಟರು ಕೈಮುಗಿದರು. ಹೂವಪ್ಪನ ಎದೆ ಇನ್ನೊಂದು ಸಲ ತಡೆಯುವುದಿಲ್ಲ, ನಾಲ್ಕು ಬೀಜವೂ ಹೆಚ್ಚೇ.

ಆಗ ನನಗೆ ಖಾನಾವಳಿಯ ದಾಸಪ್ಪನ ವಿಷಯ ಕಿವಿಗೆ ಬಿತ್ತು. ಮೀನು ದಾಸಪ್ಪನಿಗೆ ಒಗ್ಗುವುದಿಲ್ಲ, ಅದು ಏಳುವುದು ನಮ್ಮ ಪೋಸ್ಟ್‌ಮನ್ ಮೇಲೆ, ಇದು ಹಳೇ ವಿಷಯ. ದಾಸಪ್ಪ ತಿನ್ನುವುದಿಲ್ಲ, ಆದರೆ ಗಿರಾಕಿಗಳಿಗೆ ಹೆಚ್ಚಬೇಕಲ್ಲ. ಹೆಚ್ಚುವಾಗ ಬೆರಳು ಕುಯ್ದುಕೊಂಡ. ಪೋಸ್ಟ್‌ಮನ್‌ಗೆ ಅದೇ ಬೆರಳಿನ ಅದೇ ಗೆಣ್ಣಿನ ಮೇಲೆ ಹೆಸರುಕಾಳಿನಷ್ಟು ಒಂದೇ ಒಂದು ಗುಳ್ಳೆ ಎದ್ದಿತ್ತು. ಉಬ್ಬಸವಿಲ್ಲ, ಊತವಿಲ್ಲ, ಒಂದು ಗಂಟೆಗೆ ಅದೂ ಇಳಿಯಿತು. ನಾನು ಟಪಾಲು ಚೀಲ ಹಿಡಿದು ನಿಲ್ಲಿಸಿಕೊಂಡು ಅವನ ಬೆರಳನ್ನು ಎಷ್ಟು ಹೊತ್ತು ನೋಡಿದೆ ಅಂದರೆ ಅವನಿಗೆ ನಾಚಿಕೆಯಾಯಿತು. ಯೋಚನೆ ಮಾಡಿ! ತಿನ್ನುವುದೇ ಬೇಡ. ಚರ್ಮದ ಮೇಲೆ ಸೂಜಿಯಿಂದ ಒಂದು ಗೀರು, ಅದರ ಮೇಲೆ ಕಡಲೆಕಾಯಿ ಅರೆದ ನೀರು ಒಂದು ಹನಿ. ಹೂವಪ್ಪನ ಮೈಮೇಲೆ ಅದೇ ಜಾಗದಲ್ಲಿ ಒಂದು ಗುಳ್ಳೆ ಎದ್ದರೆ ಸಿಕ್ಕಿದರು!

"ಹೊಟ್ಟೆಗೇ ಹೋಗ್ದೆ ಊಟ ಹೆಂಗಾಯ್ತದೆ?" ಅಂದರು ಮೇಡಂ. ಆದರೂ ಮಾಡಲು ಬಿಟ್ಟರು. ಒಪ್ಪಿಗೆ ಇಲ್ಲದೆ ಯಾರನ್ನೂ ಗೀರಬಾರದು, ಮಕ್ಕಳಾದರೆ ತಾಯಿಯ ಒಪ್ಪಿಗೆ ಬೇಕು ಅಂತ ನಿಯಮ ಬರೆದವಳೂ ನಾನೇ, ನನ್ನದೇ ಅಕ್ಷರದಲ್ಲಿ ಗೋಡೆಯ ಮೇಲಿದೆ.

ಮೊದಲು ಮೇಷ್ಟ್ರ ಮಣಿಕಟ್ಟಿಗೆ ಗೀರಿದೆ. ಹೂವಪ್ಪನ ಮಣಿಕಟ್ಟಿನಲ್ಲಿ ಹನ್ನೆರಡು ನಿಮಿಷಕ್ಕೂ ಏನಿಲ್ಲ, ಒಂದು ಗಂಟೆಗೂ ಏನಿಲ್ಲ. ನಾನು ಕುಣಿದೇಬಿಟ್ಟೆ. "ಕೂತ್ಕೊಳೇ" ಅಂದರು ಮೇಡಂ. "ಏನೂ ಏಳ್ಲಿಲ್ಲ ಅಂದ್ರೆ ಎರಡು ಇರ್ಬೋದು. ಮೇಷ್ಟ್ರು ಅಲ್ಲ ಅನ್ನೋದು ಒಂದು. ನಿನ್ನ ಸೂಜಿ ಕೆಲಸಕ್ಕೆ ಬಾರದು ಅನ್ನೋದು ಇನ್ನೊಂದು. ಕಡ್ಲೇಕಾಯೀದು ಒಬ್ಬರದ್ದಾದ್ರೂ ಎಬ್ಸಿ ತೋರ್ಸು, ಆಮೇಲೆ ಕುಣಿ." ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ.

ಹಾಗಾಗಿ ಇಡೀ ಊರಿಗೆ ಗೀರಲು ಹೊರಟೆ. ಪುಸ್ತಕದಲ್ಲಿ ಸಾವಿರದ ನೂರ ನಲವತ್ತು ಹೆಸರುಗಳಿದ್ದವು. ಒಬ್ಬೊಬ್ಬರಿಗೇ ಕಾಯುತ್ತ ಕೂತರೆ ತಿಂಗಳುಗಟ್ಟಲೆ ಬೇಕು, ಅದಕ್ಕೆ ಒಂದು ಉಪಾಯ ಮಾಡಿದೆ. ಇಪ್ಪತ್ತು ಜನರನ್ನು ಒಟ್ಟಿಗೆ ಕೂರಿಸಿ ಒಬ್ಬರಿಗೆ ಕಿರುಬೆರಳು, ಒಬ್ಬರಿಗೆ ಮೊಣಕೈ, ಒಬ್ಬರಿಗೆ ಭುಜ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ. ಹೂವಪ್ಪನ ಮೈಮೇಲೆ ಎಲ್ಲಿ ಗುಳ್ಳೆ ಏಳುತ್ತದೋ ಆ ಜಾಗದವರು. ಹೂವಪ್ಪ ಚಡ್ಡಿಯಲ್ಲಿ ಕೂತು ಹನ್ನೊಂದು ದಿನ ಕಳೆದ.

"ಹಂಸಮ್ಮ, ನನ್ ಮೈ ಏನು ಊರಿನ ನಕ್ಷೆ ಆಗೋಯ್ತಾ?" ಅಂತ ಗೊಣಗುತ್ತಿದ್ದ. ಕೊನೆಯ ದಿನ, ಕೊನೆಯ ಇಪ್ಪತ್ತು ಜನರೂ ಎದ್ದುಹೋದ ಮೇಲೆ, ಅಂಗಿ ಹಾಕಿಕೊಳ್ಳುತ್ತ ನಿಧಾನಕ್ಕೆ ಹೇಳಿದ: "ಯಾರು ಅಂತ ಗೊತ್ತಾದ್ರೆ ಸಾಕಾಗಿತ್ತು. ಬಿಡಿಸ್ತೀನೋ, ಬಿಡ್ತಾರೋ, ಅದು ಆಮೇಲಿನ ಮಾತು. ಈಗ ಯಾವನೇ ಬಾಯಿ ಆಡ್ಸಿದ್ರೂ ನಂಗೆ ಜೀವ ಹೋಗ್ತದೆ. ಮೊನ್ನೆ ನನ್ನ ಹೆಂಡ್ತಿ ಎಲೆಅಡಿಕೆ ಹಾಕ್ಕೊಂಡ್ಳು, ನಾನು ಬಾಗ್ಲು ಹಿಡ್ಕೊಂಡು ನಿಂತಿದ್ದೆ."

ಒಂದು ಗುಳ್ಳೆಯೂ ಎದ್ದಿರಲಿಲ್ಲ. ಸೂಜಿ ಸುಳ್ಳು, ಮೇಷ್ಟ್ರೇ ಕಳ್ಳ ಅಂತ ಊರು ತೀರ್ಮಾನ ಮಾಡಿತು.

ಮರುದಿನ ಬೆಳಿಗ್ಗೆ ನಾನು ರಜೆ ಹಾಕಿ ಮನೆಯಲ್ಲಿ ಹಳೆಯ ಟಿಪ್ಪಣಿ ನೋಡುತ್ತ ಕೂತಿದ್ದೆ. ನಮ್ಮದು ಒಂದನೇ ಬೀದಿ. ಅಕ್ಕ ತಾರಿಣಿ ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಆಗ ಮೂರು ತಿಂಗಳು, ಗುಂಡ ಅಂತ ಕರೆಯುತ್ತಿದ್ದೆವು. ಟಿಪ್ಪಣಿಯಲ್ಲಿ ಕಡಲೆಕಾಯಿಯ ಮೊದಲ ದಿನ ಹತ್ತೂ ಹನ್ನೆರಡು. ಎರಡನೇ ದಿನ ಹತ್ತೂ ಹನ್ನೆರಡು. ಆರನೇ ವಾರ ಅಂಗಡಿಯಲ್ಲಿ ಬಿದ್ದಾಗ ಡಾಕ್ಟರು ಬರೆದದ್ದೂ ಹತ್ತೂ ಹನ್ನೆರಡೇ. ಅಷ್ಟು ದಿನ ನಾವು ಹತ್ತು ಗಂಟೆಗೆ ಯಾರ ಸರದಿ ಇತ್ತು ಅಂತ ನೋಡಿದ್ದೆವು. ಸರದಿಯೇ ಇಲ್ಲದೆ ದಿನಾ ಹತ್ತಕ್ಕೆ ಉಣ್ಣುವವರು ಯಾರಾದರೂ ಇದ್ದಾರೋ ಅಂತ ನೋಡಿರಲಿಲ್ಲ. ಅಷ್ಟರಲ್ಲಿ ಅಮ್ಮ ಬಚ್ಚಲಿನಿಂದ ಕೂಗಿದಳು: "ತಾರಿಣೀ, ನೀರು ಹಾಕಿದ್ದಾಯ್ತು, ಹತ್ತು ಹೊಡೀತು, ಗುಂಡಂಗೆ ಹಾಲು ಕೊಡು ಬಾ!"

ಕಚೇರಿಯ ಪುಸ್ತಕಕ್ಕೆ ಹೆಸರು ಸೇರುವುದು ಅನ್ನಪ್ರಾಶನದ ದಿನ. ಅದಕ್ಕೂ ಮೊದಲು ಮಗು ಉಣ್ಣುವುದೇ ಇಲ್ಲ ಅನ್ನುವುದು ನಮ್ಮ ಲೆಕ್ಕ. ಆದರೆ ತಾಯಿ ತಿಂದದ್ದು ಎರಡು ಗಂಟೆಯಲ್ಲಿ ಹಾಲಿಗೆ ಬರುತ್ತದಲ್ಲ! ಕಡಲೆಕಾಯಿ ದಿನ ನಮ್ಮ ಬೀದಿ ಎಂಟಕ್ಕೆ ತಿಂದಿತು. ಮರುದಿನ, ನಮ್ಮ ಬೀದಿ ಪಾಸಾಯಿತು ಅಂತ ಖುಷಿಯಲ್ಲಿ ಎಂಟಕ್ಕೆ ಇಡ್ಲಿಗೆ ಕಡಲೆಕಾಯಿ ಚಟ್ನಿ ಅರೆದಿದ್ದೆವು. ಸೈರನ್‌ಗೆ ಮುಂಚೆಯೂ ಅಕ್ಕ ಒಂದೆರಡು ಸಲ ತಿಂದಿದ್ದಳು. ಚಟ್ನಿಯ ದಿನದ ನಂತರ ಅಮ್ಮ ಬಾಣಂತಿಗೆ ಪಿತ್ತ ಅಂತ ಕಡಲೆಕಾಯಿ ಮುಟ್ಟಗೊಡಲಿಲ್ಲ. ಆರನೇ ವಾರ ಒಂದು ಬೆಳಿಗ್ಗೆ ಅಕ್ಕ ಬಾಯಿ ಕೆಟ್ಟಿದೆ ಅಂತ ಗೋಗರೆದಾಗ ಅಮ್ಮನಿಗೆ ಕಾಣದ ಹಾಗೆ ಒಂದು ಹಿಡಿ ತಂದುಕೊಟ್ಟವಳು ನಾನು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ತೇಗು ಬರಿಸುತ್ತ ಕೇಳಿದಳು.

"ಸರಿ, ಇವತ್ತಿಂದ ನಾನು ಕಡ್ಲೇಕಾಯಿ ಬಿಟ್ಟೆ. ಆಯ್ತಲ್ಲ?"

"ನಿನಗೆ ಆಯ್ತು ಅಕ್ಕ. ಇವನು ನಾಳೆ ಅಂಬೆಗಾಲಿಡ್ತಾನೆ, ಪಕ್ಕದ ಮನೇಲಿ ಯಾರೋ ಒಂದು ಉಂಡೆ ಬಾಯಿಗಿಡ್ತಾರೆ. ಅಲ್ಲಿ ಹೂವಪ್ಪ ಸಾಯ್ತಾನೆ. ಮತ್ತೆ ಇದು ನನ್ನ ಊಹೆ ಅಷ್ಟೇ, ಗೀರಿ ನೋಡ್ಬೇಕು. ಹಿಮ್ಮಡಿಗೆ ಒಂದು ಚಿಕ್ಕದು."

"ಮುಟ್ಟಿದ್ರೆ ನೋಡು."

"ಸೊಳ್ಳೆ ಕಚ್ಚಿದಷ್ಟೂ ಇರಲ್ಲ ಕಣೇ."

"ನೋವಿನ ಮಾತು ಆಡ್ತಿದೀನಾ ನಾನು?" ಅವಳ ಧ್ವನಿ ಏರಲೇ ಇಲ್ಲ. "ನಮ್ಮ ಕ್ಲಾಸಲ್ಲಿ ಭಾಮಿನಿ ಅಂತಿದ್ಳು. ಹಲಗೆ ಮನೆಯವಳು. ಹತ್ತು ವರ್ಷ ಗೋಡೆ ಕಡೆ ತಿರುಗಿ ಡಬ್ಬಿ ತಿಂದ್ಳು. ನಾನೂ ಒಂದಿನಾನೂ ಅವಳಿಗೆ ಒಂದು ಚೂರು ಬೆಲ್ಲ ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ ಅಂತ ನಂಗೆ ಗೊತ್ತು. ನನ್ನ ಮಗ ಇನ್ನೂ ಕುತ್ತಿಗೆ ನಿಲ್ಲಿಸಿಲ್ಲ, ಅಷ್ಟರಲ್ಲೇ ಹಲಗೆ ಹಾಕ್ತೀಯಾ? ನಾನು ನೋಡ್ಕೋತೀನಿ ಅವನ ಬಾಯನ್ನ. ನಾನು ತಾಯಿ. ನೀನು ಬರೀಬೇಡ, ಗೀರ್ಬೇಡ, ಹೇಳ್ಬೇಡ."

ಎರಡು ದಿನ ಸುಮ್ಮನಿದ್ದೆ. ಎರಡನೇ ದಿನ ಸಂಜೆ ಮೇಷ್ಟ್ರ ಬಾಯಿ ಮೂಸಿ ಹೊರಗೆ ಬರುವಾಗ ಹೂವಪ್ಪನ ಅಂಗಡಿ ನೋಡಿದೆ. ಅವನು ಕುರ್ಚಿಯನ್ನು ಬಾಗಿಲಿಗೆ ಎಳೆದು ಹಾಕಿಕೊಂಡಿದ್ದ, ಬಿದ್ದರೆ ರಸ್ತೆಯವರಿಗೆ ಕಾಣಲಿ ಅಂತ. ಗಿರಾಕಿಗಳೇ ಬರುತ್ತಿರಲಿಲ್ಲ. ಯಾವಾಗ ಬೀಳುತ್ತಾನೋ ಗೊತ್ತಿಲ್ಲದವನ ಕತ್ತಿಗೆ ಯಾರು ಕತ್ತು ಕೊಡುತ್ತಾರೆ?

ಮೂರನೇ ದಿನ ಅಕ್ಕ ಸ್ನಾನಕ್ಕೆ ಹೋದಳು. ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಗುಂಡ ಚಾಪೆಯ ಮೇಲೆ ಕಾಲು ಆಡಿಸುತ್ತ ಫ್ಯಾನ್ ನೋಡಿ ನಗುತ್ತಿದ್ದ. ಎಡ ಹಿಮ್ಮಡಿಗೆ ಗೀರಿ ಹನಿ ಹಾಕಿದೆ. ಅವನು ಒಂದು ಸಲ ಅತ್ತ, ಆಮೇಲೆ ನನ್ನ ಮುಖ ಗುರುತು ಹಿಡಿದು ಅಳು ನಿಲ್ಲಿಸಿದ. ಆ ನಿಲ್ಲಿಸಿದ್ದನ್ನು ನೋಡಲು ನನಗೆ ಆಗಲಿಲ್ಲ. ಹನಿ ಒರೆಸಿ ಅವನನ್ನು ಅಮ್ಮನ ತೋಳಿಗೆ ಕೊಟ್ಟು, ದಾರಿಯಲ್ಲಿ ಡಾಕ್ಟರನ್ನೂ ಎಬ್ಬಿಸಿಕೊಂಡು, ಅಂಗಡಿಗೆ ಓಡಿದೆ.

"ಹೂವಪ್ಪಣ್ಣ, ಚಪ್ಪಲಿ ಬಿಡು, ಕಾಲು ಮೇಲಕ್ಕೆತ್ತು!"

"ಅಯ್ಯೋ ಶಿವನೆ, ಕಾಲೊಂದು ಉಳಿದಿತ್ತು" ಅಂತ ಎತ್ತಿದ.

ಎಡ ಹಿಮ್ಮಡಿಯಲ್ಲಿ ಹೆಸರುಕಾಳಿನಷ್ಟು ಒಂದು ಗುಳ್ಳೆ. ಬೇರೆಲ್ಲೂ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ನನ್ನ ಸೂಜಿ ನಿಜವಾಗಿತ್ತು. ನನಗೆ ಕುಣಿಯಬೇಕು ಅನ್ನಿಸಲಿಲ್ಲ.

ಮೇಡಂ ಮುಂದೆ ಒಪ್ಪಿಗೆಯಿಲ್ಲದೆ ಗೀರಿದೆ ಅಂತಲೂ ಹೇಳಿದೆ. ಅವರು ಗೋಡೆಯ ಮೇಲಿನ ನನ್ನ ನಿಯಮವನ್ನು ಒಮ್ಮೆ ನೋಡಿದರು, ಪುಸ್ತಕ ತೆಗೆದು ಅನ್ನಪ್ರಾಶನ ಆಗದವರಿಗೆ ಅಂತ ಹೊಸ ಪುಟ ಮಾಡಿದರು, ಲೇಖನಿಯನ್ನು ನನ್ನ ಕೈಗೇ ಕೊಟ್ಟರು. "ನೀನೇ ಬರಿ" ಅಂದರು. ಬರೆದೆ. ಅವತ್ತು ಸಂಜೆ ಹೂವಪ್ಪ ಪೆಟ್ಟಿಗೆ ಹಿಡಿದು ಮೇಷ್ಟ್ರ ಮನೆಗೆ ಹೋಗಿ ಜಗಲಿಯ ಮೇಲೆ ಅವರ ಗಡ್ಡ ತೆಗೆದ. ಮುಗಿದ ಮೇಲೆ ಮೇಷ್ಟ್ರು, "ಮೀಸೆ ಸ್ವಲ್ಪ ಓರೆಯಾಯ್ತು" ಅಂದರಂತೆ.

ಅಕ್ಕ ಕೂಗಾಡಲಿಲ್ಲ. ಬಾಣಂತನ ಮುಗಿಯಲು ಇನ್ನೂ ಎರಡು ತಿಂಗಳಿತ್ತು, ಮಾರನೇ ದಿನವೇ ತೊಟ್ಟಿಲು ಕಟ್ಟಿಸಿಕೊಂಡು ಐದನೇ ಬೀದಿಯ ಗಂಡನ ಮನೆಗೆ ಹೋದಳು. ಆ ಮನೆಗೆ ಹಲಗೆ ಬಿತ್ತು.

ಆರನೇ ತಿಂಗಳಿಗೆ ಗುಂಡನ ಅನ್ನಪ್ರಾಶನ. ನಮ್ಮಲ್ಲಿ ಅವತ್ತು ಬೀದಿಯ ಪ್ರತಿ ಮನೆಯಿಂದ ಒಬ್ಬೊಬ್ಬರು ಬಂದು ಮಗುವಿನ ಬಾಯಿಗೆ ಒಂದೊಂದು ಅಗುಳು ಇಡಬೇಕು. ಎಲ್ಲ ಬಂದಿದ್ದರು, ಉಡುಗೊರೆಯನ್ನೂ ತಂದಿದ್ದರು, ಗೋಡೆಗೆ ಒರಗಿ ನಿಂತಿದ್ದರು. ಯಾರ ಕೈಯೂ ಬಟ್ಟಲಿಗೆ ಹೋಗಲಿಲ್ಲ. ಅಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಯಾರನ್ನೂ ನೋಡದೆ ಅನ್ನ ಕಲೆಸುತ್ತಲೇ ಇದ್ದಳು, ಅದು ಗಂಜಿಯಾಗಿ ಹೋಗುವಷ್ಟು.

ಆಗ ಹೂವಪ್ಪ ಬಂದ. ಹಿಂದೆ ಡಾಕ್ಟರು. ಅವನು ಅಂಗಿ ತೋಳು ಮಡಿಸಿ ಅಕ್ಕನ ಎದುರು ಚಕ್ಕಳಮಕ್ಕಳ ಕೂತ. "ಇಲ್ಲಿ ಕೊಡಿ ಬಟ್ಲು."

"ನಿಮ್ಗೆ ಭಯ ಇಲ್ವಾ?" ಅಂದಳು ಅಕ್ಕ.

"ಇಲ್ದೆ ಏನು. ಅದಕ್ಕೇ ಬಂದಿರೋದು. ನಂಗೇನು ಪ್ರೀತಿ ಉಕ್ತಾ ಇಲ್ಲ ತಾಯಿ. ಇವನ ಹೊಟ್ಟೆಗೆ ಹೊಸದಾಗಿ ಏನೇನು ಹೋಗ್ತದೋ ಅದು ನನ್ನ ಕಣ್ಮುಂದೆ, ನನ್ನ ಕೈಯಿಂದ್ಲೇ ಹೋಗ್ಲಿ. ಇವತ್ತು ಅನ್ನ. ಮುಂದಿನ ವಾರ ಬಾಳೆಹಣ್ಣು ಅಂದ್ರೆ ಹೇಳಿಕಳ್ಸಿ, ಅಂಗ್ಡಿ ಮುಚ್ಚಿ ಬರ್ತೀನಿ." ಒಂದು ಅಗುಳು ತೆಗೆದು ಗುಂಡನ ಬಾಯಿಗೆ ಇಟ್ಟ. ಗುಂಡ ಅವನ ಬೆರಳನ್ನೂ ಸೇರಿಸಿ ಕಚ್ಚಿದ. ಇಡೀ ಬೀದಿ ಹೂವಪ್ಪನ ತೋಳನ್ನೇ ನೋಡುತ್ತ ನಿಂತಿತು. ಹನ್ನೆರಡು ನಿಮಿಷ ಕಳೆಯಿತು, ಏನೂ ಏಳಲಿಲ್ಲ. ಮೂಲೆಯಲ್ಲಿದ್ದ ಒಬ್ಬಳು ಅಜ್ಜಿ, "ಹಂಗಾದ್ರೆ ನಂದೂ ಒಂದು" ಅಂತ ಮುಂದೆ ಬಂದಳು. ಆಮೇಲೆ ಇನ್ನಿಬ್ಬರು. ಎಲ್ಲರೂ ಅಲ್ಲ.

ಇದನ್ನೆಲ್ಲ ನಾನು ನೋಡಿದ್ದು ಬಾಗಿಲಿನಿಂದ. ಅನ್ನಪ್ರಾಶನಕ್ಕೆ ಕಚೇರಿಯವರು ಪುಸ್ತಕ ಹಿಡಿದು ಹೋಗಲೇಬೇಕು, ಮೇಡಂಗೆ ಮಂಡಿನೋವು, ನಾನೇ ಹೋಗಿದ್ದೆ. ಒಳಗೆ ಕಾಲಿಡುವಷ್ಟರಲ್ಲಿ ಅಕ್ಕ ತಲೆಯೆತ್ತಿ, "ಕಚೇರಿಯೋರು ಹೊಸ್ತಿಲಾಚೆ ನಿಂತ್ಕೊಂಡೇ ಬರ್ಕೋಬೋದು" ಅಂದಿದ್ದಳು. ನಿಂತುಕೊಂಡೇ ಬರೆದುಕೊಂಡೆ. ಅನ್ನ, ಬಾಧೆಯಿಲ್ಲ ಅಂತ. ಹೊರಡುವಾಗ ಅಮ್ಮ ಒಂದು ಎಲೆಯಲ್ಲಿ ನನಗೂ ಪಾಯಸ ತಂದಳು. ಅಕ್ಕ ಬೇಡ ಅನ್ನಲಿಲ್ಲ, ಬಡಿಸು ಅಂತಲೂ ಅನ್ನಲಿಲ್ಲ. ಗುಂಡ ನನ್ನನ್ನು ನೋಡಿ ಎರಡೂ ಕೈ ಚಾಚಿದ, ಅವಳು ಅವನನ್ನು ಮೆಲ್ಲಗೆ ಆ ಕಡೆ ತಿರುಗಿಸಿ ಕೂರಿಸಿಕೊಂಡಳು.

ಹೂವಪ್ಪ ಬದುಕಿದ್ದಾನೆ, ನಿನ್ನೆಯೂ ನನ್ನನ್ನು ಕಂಡು ಚಪ್ಪಲಿ ಬಿಡಲೇ ಅಂತ ತಮಾಷೆ ಮಾಡಿದ. ಅಕ್ಕ ಇವತ್ತಿಗೂ ಮಾತಾಡಿಲ್ಲ. ಹೇಳಿ, ಅವಳು ಬೇಡ ಅಂದಿದ್ದಳು, ಮಗು ಚಾಪೆಯ ಮೇಲೆ ನಗುತ್ತಿತ್ತು, ಸೂಜಿ ನಿಮ್ಮ ಕೈಯಲ್ಲಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?